ಅರ್ಥಶಾಸ್ತ್ರ ಪ್ರಾಜೆಕ್ಟ್: ವಿಷಯದಿಂದ ಪ್ರಶ್ನೆಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಯರ್ ಸೆಕೆಂಡರಿ ತರಗತಿಗಳಲ್ಲಿ ಅರ್ಥಶಾಸ್ತ್ರ ಪ್ರಾಜೆಕ್ಟಿಗೆ ‘ಅಡಿಕೆ ಕೃಷಿಯ ಸಮಸ್ಯೆಗಳು’ ಎಂಬ ಶೀರ್ಷಿಕೆ ಸುಲಭವಾಗಿ ಹೊಳೆಯುತ್ತದೆ. ಇದು ವಿಷಯವೇ ಹೊರತು ಪ್ರಶ್ನೆಯಲ್ಲ. ಕೊಳೆರೋಗ, ಕೂಲಿ, ಬೆಲೆ ಎಲ್ಲವನ್ನೂ ಇದರೊಳಗೆ ತುಂಬಬಹುದು. ಏನನ್ನು ಅಳೆಯಬೇಕೆಂಬುದು ಮಾತ್ರ ತಿಳಿಯುವುದಿಲ್ಲ. ‘ಅಡಿಕೆಯ ಧಾರಣೆ ಏಕೆ ಏರಿಳಿಯುತ್ತದೆ?’ ಎಂಬುದು ಪ್ರಶ್ನೆಯಾದರೂ ಅದರ ಉತ್ತರ ಆಮದು, ತೆರಿಗೆ, ಉತ್ತರ ಭಾರತದ ಬೇಡಿಕೆಗಳವರೆಗೆ ಹರಡಿದೆ. ವಿದ್ಯಾರ್ಥಿಯ ಕೈಗೆ ಎಟಕದು.

ಕೈಗೆಟಕುವುದು ನೆರೆಹೊರೆಯ ಅಂಗಳ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಕರ್ನಾಟಕ, ಕೇರಳಗಳೆರಡರ ಬೆಳೆಗಾರರ ಸಹಕಾರಿ ಸಂಸ್ಥೆ. ಬೆಳೆಗಾರನು ಚಾಲಿಯನ್ನು ಅಲ್ಲಿಗೂ ಒಯ್ಯಬಹುದು, ಖಾಸಗಿ ವ್ಯಾಪಾರಿಗೂ ಕೊಡಬಹುದು; ಹಳೆ ಅಡಿಕೆಗೆ ಸಾಮಾನ್ಯವಾಗಿ ಹೆಚ್ಚು ಧಾರಣೆಯಿರುವುದರಿಂದ ಕಾದಿರಿಸಲೂಬಹುದು. ಹಾಗಿದ್ದರೂ ಕೆಲವರು ಸುಲಿದೊಡನೆ ಮಾರುವುದೇಕೆ? ಇಲ್ಲಿಂದ ಹೀಗೊಂದು ಪ್ರಶ್ನೆ ಮೂಡುತ್ತದೆ: ‘ಬದಿಯಡ್ಕ ಪಂಚಾಯತಿನ ಒಂದು ವಾರ್ಡಿನಲ್ಲಿ, ಒಂದು ಎಕರೆಗಿಂತ ಕಡಿಮೆ ತೋಟವುಳ್ಳ ಕುಟುಂಬಗಳು ದೊಡ್ಡ ತೋಟದವರಿಗಿಂತ ಬೇಗ ಅಡಿಕೆ ಮಾರುತ್ತವೆಯೇ?’ ಸ್ಥಳ, ಗುಂಪು, ಹೋಲಿಕೆ ಮೂರೂ ಇದರಲ್ಲಿವೆ. ‘ಇಲ್ಲ’ ಎಂಬ ಉತ್ತರಕ್ಕೂ ಎಡೆಯಿದೆ, ಇದೇ ಮುಖ್ಯ. ‘ಮಧ್ಯವರ್ತಿಗಳು ಬಡ ರೈತರನ್ನು ಹೇಗೆ ಶೋಷಿಸುತ್ತಾರೆ?’ ಎಂದು ಬರೆದವರು ತೀರ್ಪು ಕೊಟ್ಟ ಮೇಲೆ ಸಾಕ್ಷಿ ಹುಡುಕುತ್ತಾರೆ.

‘ಬೇಗ’ ಎಂದರೆ ಸುಲಿದು ಎಷ್ಟು ದಿನಗಳೊಳಗೆ ಎಂಬುದನ್ನು ಸಮೀಕ್ಷೆಗೆ ಮುನ್ನವೇ ನಿಗದಿಪಡಿಸಬೇಕು. ‘ಸಾಲವಿದೆಯೇ?’ ಎಂದು ನೇರವಾಗಿ ಕೇಳಿದರೆ ಹಲವರು ಬಾಯಿಬಿಡರು, ಅದೂ ನೆರೆಮನೆಯ ಮಗುವಿನೆದುರು. ಮಾರಿದ ತಿಂಗಳನ್ನು ಕೇಳಿದರೆ ಸಾಕು. ಪ್ರಶ್ನಾವಳಿ ಕನ್ನಡದಲ್ಲಿದ್ದರೂ ಮನೆಮಾತು ತುಳುವೋ ಮಲಯಾಳವೋ ಇರಬಹುದು. ‘ದಾಸ್ತಾನು’ ಎಂಬುದಕ್ಕೆ ಆ ಮನೆಯವರು ಆಡುವ ಮಾತೇನೆಂದು ವಿದ್ಯಾರ್ಥಿಯು ಮೊದಲೇ ಕೇಳಿಟ್ಟುಕೊಳ್ಳಬೇಕು.