ಪರೀಕ್ಷಾ ಆವೃತ್ತಿ ಮತ್ತು ಬಳಸುವವರ ಮಾತು
(ವಿಡಿಯೊ ಸಂಕಲನ ತಂತ್ರಾಂಶವನ್ನು ಕುರಿತು)

'ಸಂಕಲನ' ಎಂಬ ಪದಕ್ಕೆ ಒಟ್ಟುಗೂಡಿಸುವುದು ಎಂದು ಅರ್ಥ. ಗಣಿತದಲ್ಲಿ ಅದು ಕೂಡುವ ಲೆಕ್ಕ. ಸಾಹಿತ್ಯದಲ್ಲಿ ಬಿಡಿ ಬರೆಹಗಳನ್ನು ಆರಿಸಿ ಒಂದೆಡೆ ಸೇರಿಸಿದ ಗ್ರಂಥ. ಚಲನಚಿತ್ರದಲ್ಲಿ ಬೇರೆ ಬೇರೆಯಾಗಿ ಚಿತ್ರಿಸಿದ ದೃಶ್ಯಗಳನ್ನು ಆಯ್ದು, ಕತ್ತರಿಸಿ, ಜೋಡಿಸಿ ಒಂದು ಓಟಕ್ಕೆ ತರುವ ಕಲೆ. ಹಿಂದೆ ಈ ಕಾರ್ಯವು ಫಿಲ್ಮಿನ ಸುರುಳಿಯನ್ನು ಕೈಯಿಂದ ಕತ್ತರಿಸಿ ಅಂಟಿಸುವುದರ ಮೂಲಕ ನಡೆಯುತ್ತಿತ್ತು. ಈಗ ಅದು ಗಣಕಯಂತ್ರದ ಕೆಲಸವಾಗಿದೆ. ಶಾಲಾ ವಾರ್ಷಿಕೋತ್ಸವವನ್ನು ಮೊಬೈಲಿನಲ್ಲಿ ಚಿತ್ರಿಸಿದ ವಿದ್ಯಾರ್ಥಿಯೂ, ಚಲನಚಿತ್ರೋದ್ಯಮದಲ್ಲಿ ಪಳಗಿದ ಸಂಕಲನಕಾರನೂ ಇಂದು ಒಂದೇ ಬಗೆಯ ತಂತ್ರಾಂಶವನ್ನು ಬಳಸುವುದುಂಟು. ಇಂತಹ ತಂತ್ರಾಂಶವು ಬಳಕೆಗೆ ಯೋಗ್ಯವಾಗುವ ಮುನ್ನ ಒಂದು ಪರೀಕ್ಷೆಗೆ ಒಳಗಾಗುತ್ತದೆ. ಆ ಪರೀಕ್ಷೆಯಲ್ಲಿ ಪರೀಕ್ಷಕರ ಸ್ಥಾನದಲ್ಲಿ ಕುಳಿತವರು ಅದನ್ನು ಬಳಸುವ ಜನರೇ ಎಂಬುದು ಗಮನಿಸತಕ್ಕ ಸಂಗತಿ.

ತಯಾರಕರು ಪೂರ್ಣಗೊಳ್ಳುವ ಹಂತದಲ್ಲಿರುವ ತಂತ್ರಾಂಶವನ್ನು ಬಿಡುಗಡೆಗೆ ಮೊದಲು ಬಳಕೆದಾರರ ಕೈಗೆ ಕೊಡುವುದುಂಟು. ಇದಕ್ಕೆ ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರದ ಹೆಸರಿನಿಂದ 'ಬೀಟಾ ಆವೃತ್ತಿ' ಎಂದು ಹೆಸರು. ತಯಾರಕರ ಮನೆಯೊಳಗೇ ನಡೆಯುವ ಮೊದಲ ಪರೀಕ್ಷೆ 'ಆಲ್ಫಾ'. ಗ್ರಂಥ ಮುದ್ರಣದಲ್ಲಿ ಕರಡಚ್ಚಿಗೆ ಯಾವ ಸ್ಥಾನವಿದೆಯೋ ತಂತ್ರಾಂಶದಲ್ಲಿ ಬೀಟಾ ಆವೃತ್ತಿಗೆ ಅದೇ ಸ್ಥಾನವಿದೆ. ಬರೆದವನ ಕಣ್ಣಿಗೆ ತಾನು ಬರೆಯಬೇಕೆಂದುಕೊಂಡದ್ದೇ ಕಾಣುತ್ತದೆ. ಅಚ್ಚಾದ ತಪ್ಪು ಕಾಣುವುದಿಲ್ಲ. ಆದುದರಿಂದಲೇ ಕರಡು ತಿದ್ದುವ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸುವುದು ವಾಡಿಕೆ. ತಂತ್ರಾಂಶವನ್ನು ರಚಿಸಿದವರ ಪಾಡೂ ಇದೇ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ವಿಡಿಯೊ ಸಂಕಲನದಲ್ಲಿ ಸಾಮಗ್ರಿಯ ವೈವಿಧ್ಯಕ್ಕೆ ಮಿತಿಯಿಲ್ಲ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು, ಭಾರತದ ದೂರದರ್ಶನ ಪದ್ಧತಿಯಲ್ಲಿ 25, ಅಮೆರಿಕದ ಪದ್ಧತಿಯಲ್ಲಿ 29.97. ಈ ಕೊನೆಯ ಸಂಖ್ಯೆಯನ್ನು 30 ಎಂದೇ ಎಣಿಸಿದರೆ ಒಂದು ಗಂಟೆಯಲ್ಲಿ 3.6 ಸೆಕೆಂಡುಗಳ ಅಂತರ ಬೀಳುತ್ತದೆ. ಭಾಷಣಕಾರನ ತುಟಿಗೂ ಧ್ವನಿಗೂ ಸಂಬಂಧ ತಪ್ಪಲು ಅಷ್ಟು ಸಾಕು. ಅನೇಕ ಮೊಬೈಲುಗಳಂತೂ ಒಂದೇ ಮುದ್ರಿಕೆಯಲ್ಲಿ ಬೆಳಕು ಕಡಿಮೆಯಾದಾಗ ಒಂದು ವೇಗದಲ್ಲಿಯೂ ಹೆಚ್ಚಾದಾಗ ಇನ್ನೊಂದು ವೇಗದಲ್ಲಿಯೂ ಚಿತ್ರ ತೆಗೆಯುತ್ತವೆ. ಇಷ್ಟೆಲ್ಲ ಕ್ಯಾಮರಾಗಳನ್ನೂ ಗಣಕಯಂತ್ರಗಳನ್ನೂ ಒಂದು ಕಾರ್ಯಾಲಯದಲ್ಲಿ ಕೂಡಿಹಾಕಿ ಪರೀಕ್ಷಿಸುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಸಹಸ್ರಾರು ಬಳಕೆದಾರರ ಮನೆಗಳಲ್ಲಿ ಅವು ತಾವಾಗಿಯೇ ನೆರೆದಿರುತ್ತವೆ.

ಬಳಕೆದಾರರ ಮಾತನ್ನು ಮೊದಲೇ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಆಪಲ್ ಸಂಸ್ಥೆಯ 'ಫೈನಲ್ ಕಟ್ ಪ್ರೊ' ಸಂಕಲನಕಾರರಲ್ಲಿ ಬಹು ಮನ್ನಣೆ ಪಡೆದಿದ್ದ ತಂತ್ರಾಂಶ. ಅದನ್ನು ಬುಡದಿಂದ ಹೊಸದಾಗಿ ರಚಿಸಿ, 2011ರ ಏಪ್ರಿಲ್ ತಿಂಗಳಲ್ಲಿ ಲಾಸ್ ವೇಗಸ್ ನಗರದ ಸಭೆಯೊಂದರಲ್ಲಿ ಪ್ರದರ್ಶಿಸಲಾಯಿತು. ಆದರೆ ಸಾರ್ವಜನಿಕ ಪರೀಕ್ಷಾ ಆವೃತ್ತಿಯನ್ನು ಹೊರಡಿಸಲಿಲ್ಲ. 2011ರ ಜೂನ್ 21ರಂದು 'ಫೈನಲ್ ಕಟ್ ಪ್ರೊ ಎಕ್ಸ್' ಮಾರಾಟಕ್ಕೆ ಬಂದಾಗ ಬಹುಪಾಲು ಸಂಕಲನಕಾರರು ಅದನ್ನು ಮೊದಲ ಬಾರಿಗೆ ಮುಟ್ಟಿ ನೋಡಿದರು. ಹಳೆಯ ಆವೃತ್ತಿಯಲ್ಲಿ ಮಾಡಿಟ್ಟ ಕೆಲಸವು ಹೊಸದರಲ್ಲಿ ತೆರೆಯಲಿಲ್ಲ. ಹಲವು ಕ್ಯಾಮರಾಗಳ ದೃಶ್ಯಗಳನ್ನು ಏಕಕಾಲದಲ್ಲಿ ನೋಡಿ ಆರಿಸುವ ಸೌಲಭ್ಯವಿರಲಿಲ್ಲ. ಧ್ವನಿ ಸಂಯೋಜಕರಿಗೂ ವರ್ಣ ಸಂಯೋಜಕರಿಗೂ ಕೆಲಸವನ್ನು ದಾಟಿಸುವ ದಾರಿಗಳು ಮುಚ್ಚಿದ್ದವು. ವರ್ಷಗಳ ಕಾಲ ಅದನ್ನೇ ನಂಬಿ ಜೀವನೋಪಾಯ ಕಟ್ಟಿಕೊಂಡವರಿಗೆ ಇದು ಕೈಯ ಉಳಿಯನ್ನು ಕಸಿದುಕೊಂಡಂತಾಯಿತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಅನೇಕರು ಬೇರೆ ತಂತ್ರಾಂಶಗಳತ್ತ ಸರಿದರು. ಸಂಸ್ಥೆಯು 2011ರ ಸೆಪ್ಟೆಂಬರಿನಲ್ಲಿಯೂ 2012ರ ಜನವರಿಯಲ್ಲಿಯೂ ಹೊರಡಿಸಿದ ಪರಿಷ್ಕರಣಗಳಲ್ಲಿ ಈ ಕೊರತೆಗಳಲ್ಲಿ ಹಲವನ್ನು ತುಂಬಿತು. ಬಹು ಕ್ಯಾಮರಾ ಸೌಲಭ್ಯವು ಎರಡನೆಯದರಲ್ಲಿ ಬಂದಿತು. ಬಿಡುಗಡೆಗೆ ಮುನ್ನ ಕೇಳಬಹುದಾಗಿದ್ದ ಮಾತನ್ನು ಬಿಡುಗಡೆಯ ಬಳಿಕ ನಿಷ್ಠುರವಾಗಿ ಕೇಳಬೇಕಾಯಿತು.

ಇದಕ್ಕೆ ವ್ಯತಿರಿಕ್ತವಾದ ಮಾರ್ಗವನ್ನು ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಯ 'ಡಾವಿಂಚಿ ರಿಸಾಲ್ವ್' ತಂತ್ರಾಂಶದಲ್ಲಿ ಕಾಣಬಹುದು. ಅದರ 16ನೆಯ ಆವೃತ್ತಿಯ ಬೀಟಾ 2019ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು; ಪೂರ್ಣ ಆವೃತ್ತಿ ಆಗಸ್ಟ್‌ನಲ್ಲಿ ಬಂದಿತು. ನಡುವಣ ತಿಂಗಳುಗಳಲ್ಲಿ ಹಲವು ಬೀಟಾಗಳು ಒಂದರ ಹಿಂದೊಂದು ಹೊರಬಂದವು. ಶೀಘ್ರ ಸಂಕಲನಕ್ಕೆಂದು ಅದರಲ್ಲಿ 'ಕಟ್' ಎಂಬ ಹೊಸ ಪುಟವನ್ನು ಸೇರಿಸಿದ್ದರೂ ಹಳೆಯ ಸಂಕಲನ ಪುಟವನ್ನು ತೆಗೆದುಹಾಕಿರಲಿಲ್ಲ. ಹೊಸದನ್ನು ಒಪ್ಪದವನ ಕೈಕೆಲಸ ನಿಲ್ಲಲಿಲ್ಲ. ಅವನು ನಿಶ್ಚಿಂತೆಯಿಂದ ಪರೀಕ್ಷಿಸಿ ಅಭಿಪ್ರಾಯ ಹೇಳಲು ಅವಕಾಶವಾಯಿತು.

ಅಭಿಪ್ರಾಯ ಕೊಡುವುದಕ್ಕೂ ಒಂದು ಕ್ರಮವಿದೆ. "ನಿಮ್ಮ ತಂತ್ರಾಂಶ ಚೆನ್ನಾಗಿಲ್ಲ, ಧ್ವನಿ ಹೊಂದುವುದಿಲ್ಲ" ಎಂದು ಬರೆದರೆ ಅದು ಬರೆದವನ ಬೇಸರವನ್ನು ತಿಳಿಸೀತೇ ಹೊರತು ದೋಷದ ನೆಲೆಯನ್ನು ತಿಳಿಸದು. ಇನ್ನೊಬ್ಬನು ಹೀಗೆ ಬರೆಯುತ್ತಾನೆಂದು ಇಟ್ಟುಕೊಳ್ಳೋಣ: ಇಂತಹ ಬೀಟಾ, ಇಂತಹ ಗಣಕಯಂತ್ರ, ಮೊಬೈಲಿನಲ್ಲಿ ತೆಗೆದ 40 ನಿಮಿಷಗಳ ಮುದ್ರಿಕೆಯನ್ನು 25 ಚಿತ್ರಗಳ ವೇಗದ ಕೆಲಸದಲ್ಲಿ ಇರಿಸಲಾಯಿತು, ಮೊದಲ ನಿಮಿಷದಲ್ಲಿ ಮಾತು ತುಟಿಗೆ ಹೊಂದುತ್ತದೆ, ಕೊನೆಯ ನಿಮಿಷದಲ್ಲಿ ಎರಡು ಸೆಕೆಂಡು ಮುಂದೆ ಹೋಗುತ್ತದೆ, ಮೂರು ಸಲ ಮಾಡಿದರೂ ಹಾಗೆಯೇ ಆಯಿತು, ಅದೇ ಮುದ್ರಿಕೆ ಹಿಂದಿನ ಆವೃತ್ತಿಯಲ್ಲಿ ಸರಿಯಾಗಿ ನಡೆಯುತ್ತದೆ, ಮುದ್ರಿಕೆಯ ಒಂದು ತುಣುಕನ್ನು ಜೊತೆಗೆ ಇರಿಸಿದೆ. ಈ ಪತ್ರವನ್ನು ಓದಿದ ತಂತ್ರಜ್ಞನು ದೂರದ ಊರಿನಲ್ಲಿ ಕುಳಿತೇ ಆ ದೋಷವನ್ನು ತನ್ನ ಕಣ್ಣಮುಂದೆ ಮತ್ತೆ ಹುಟ್ಟಿಸಬಲ್ಲನು. ಮತ್ತೆ ಹುಟ್ಟಿಸಲು ಬಂದ ದೋಷವನ್ನು ಹುಡುಕಿ ತಿದ್ದುವುದು ಸುಲಭ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಅಂಶಗಳೇ ಇಂತಹ ಬರೆಹದ ಪ್ರಾಣ. ದೋಷವನ್ನೂ ಅಪೇಕ್ಷೆಯನ್ನೂ ಬೆರಸದೆ ಬೇರೆ ಬೇರೆಯಾಗಿ ಬರೆಯುವುದೂ ಅಷ್ಟೇ ಅಗತ್ಯ. ಇರುವುದು ಕೆಟ್ಟಿದೆ ಎಂಬುದು ದೋಷ. ಇಲ್ಲದ್ದು ಬೇಕು ಎಂಬುದು ಅಪೇಕ್ಷೆ. ಮೊದಲನೆಯದನ್ನು ತಿದ್ದುವುದು ತಯಾರಕರ ಕರ್ತವ್ಯ. ಎರಡನೆಯದು ಅವರ ವಿವೇಚನೆಗೆ ಬಿಟ್ಟ ವಿಷಯ.

ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯೊಂದಿದೆ. ದೃಶ್ಯದ ಮೇಲೆ ಶೀರ್ಷಿಕೆ ಬರೆಯುವುದು ಸಂಕಲನ ತಂತ್ರಾಂಶದ ಒಂದು ಕೆಲಸ. ಇಂಗ್ಲಿಷಿನ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಪದವಾಗುತ್ತದೆ; ಕನ್ನಡದಲ್ಲಿ ಅಷ್ಟು ಸಾಲದು. 'ಸೂರ್ಯ' ಎಂಬ ಪದವು ಯೂನಿಕೋಡ್ ಸಂಕೇತದಲ್ಲಿ ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ವಿರಾಮ, ಯಕಾರ ಎಂಬ ಕ್ರಮದಲ್ಲಿ ಶೇಖರವಾಗಿರುತ್ತದೆ. ಮೊದಲು ಉಚ್ಚರಿಸುವ ರೇಫವು ಬರೆಹದಲ್ಲಿ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಬರಬೇಕು. ಈ ಜೋಡಣೆಯ ಏರ್ಪಾಡಿಲ್ಲದ ತಂತ್ರಾಂಶದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಒಡೆದು ನಿಲ್ಲುತ್ತವೆ, ಒತ್ತಕ್ಷರಗಳು ಕೆಳಗಿಳಿಯುವುದಿಲ್ಲ. ಕನ್ನಡವನ್ನು ಅರಿಯದ ತಂತ್ರಜ್ಞನು ಅದನ್ನು ನೂರು ಸಲ ನೋಡಿದರೂ ತಪ್ಪೆಂದು ತಿಳಿಯಲಾರನು. ಎರಡನೆಯ ತರಗತಿಯ ಮಗು ಒಂದೇ ನೋಟಕ್ಕೆ ತಿಳಿಯುತ್ತದೆ. ಆದುದರಿಂದ ಇದನ್ನು ಹೇಳಬೇಕಾದವರು ಕನ್ನಡ ಬಲ್ಲವರೇ. ತಪ್ಪಾಗಿ ಮೂಡಿದ ಪದದ ಚಿತ್ರವನ್ನೂ ಸರಿಯಾದ ರೂಪದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇರಿಸಿ, ಬಳಸಿದ ಅಕ್ಷರವಿನ್ಯಾಸದ ಹೆಸರನ್ನು ಸೇರಿಸಿ ಕಳುಹಿಸಿದರೆ ಭಾಷೆ ಬಾರದವನಿಗೂ ವಿಷಯ ಮನದಟ್ಟಾಗುತ್ತದೆ. ಯಾರೂ ಹೇಳದಿದ್ದರೆ, ಒಡೆದ ಅಕ್ಷರಗಳೇ ಪರದೆಯ ಮೇಲೆ ರೂಢಿಯಾಗಿ ಉಳಿದಾವು.

ಪರೀಕ್ಷಿಸುವವರು ಪಾಲಿಸಬೇಕಾದ ಎಚ್ಚರಿಕೆಯೂ ಉಂಟು. ಹೊಸ ಆವೃತ್ತಿಯಲ್ಲಿ ತೆರೆದು ಪರಿವರ್ತಿಸಿದ ಕೆಲಸವು ಸಾಮಾನ್ಯವಾಗಿ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಆದುದರಿಂದ ಬೀಟಾವನ್ನು ಅಳವಡಿಸುವ ಮುನ್ನ ಎಲ್ಲ ಕೆಲಸದ ಪ್ರತಿಯೊಂದನ್ನು ಬೇರೆಡೆ ಕಾಪಿಡಬೇಕು. ಮತ್ತೆ ದೊರೆಯದ ಸಮಾರಂಭದ ಏಕೈಕ ಮುದ್ರಿಕೆಯನ್ನು ಅದರಲ್ಲಿ ಪ್ರಯೋಗಿಸಕೂಡದು. ನಾಳೆಯೇ ಒಪ್ಪಿಸಬೇಕಾದ ಕೆಲಸವನ್ನು ಅದಕ್ಕೆ ವಹಿಸಕೂಡದು.

ದೋಷವನ್ನು ಕಂಡು ಸುಮ್ಮನಿರುವುದು ಸುಲಭ, ನಿಂದಿಸುವುದು ಇನ್ನೂ ಸುಲಭ. ಕಂಡದ್ದನ್ನು ಕಂಡಂತೆ, ಕ್ರಮ ತಪ್ಪದಂತೆ, ಕೇಳುವವನಿಗೆ ಅರ್ಥವಾಗುವಂತೆ ಬರೆಯುವುದು ಕಷ್ಟ. ಶಾಲೆಯಲ್ಲಿ ವಿಜ್ಞಾನದ ಪ್ರಯೋಗವನ್ನು ವರದಿ ಮಾಡಲು ಕಲಿಸುವಾಗಲೂ, ಪ್ರಬಂಧ ಬರೆಯಲು ಕಲಿಸುವಾಗಲೂ ಉಪಾಧ್ಯಾಯರು ಬೋಧಿಸುವುದು ಈ ಶಿಸ್ತನ್ನೇ. ಆ ಶಿಸ್ತನ್ನು ಮೈಗೂಡಿಸಿಕೊಂಡ ವಿದ್ಯಾರ್ಥಿಯೊಬ್ಬನು ತನ್ನ ಊರಿನಲ್ಲಿ ಕುಳಿತು ಬರೆದ ಹತ್ತು ಸಾಲುಗಳಿಂದ, ದೇಶಾಂತರದಲ್ಲಿ ರಚಿತವಾಗುತ್ತಿರುವ ಸಾಧನವೊಂದು ತಿದ್ದುಪಡಿಯಾಗಿ ಅವನು ಎಂದೂ ಕಾಣದ ಅನೇಕರ ಶ್ರಮವನ್ನು ಉಳಿಸಬಹುದು.