ಮೊಬೈಲಿನ ಬರಹದಲ್ಲಿ ಚಿತ್ರವನ್ನು ಸೇರಿಸುವ ಕ್ರಮ

ಬರಹಕ್ಕೆ ಚಿತ್ರವನ್ನು ಸೇರಿಸುವುದು ಹಿಂದಿನವರಿಗೆ ಸುಲಭವಾದ ಕಾರ್ಯವಾಗಿರಲಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರು 1917ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಛಾಯಾಚಿತ್ರವನ್ನು ತೆಗೆಯುವವರು, ಅದನ್ನು ಅಚ್ಚಿಗೆ ಇಳಿಸುವವರು, ಮುದ್ರಿಸುವವರು ಬೇರೆ ಬೇರೆಯಾಗಿದ್ದರು. ಇಂದಾದರೋ ಅದೇ ದೇವಾಲಯದ ಮುಂದೆ ನಿಂತ ಬಾಲಿಕೆಯು ಮೊಬೈಲಿನಲ್ಲಿಯೇ ಚಿತ್ರವನ್ನು ತೆಗೆದು, ಪ್ರಬಂಧದಲ್ಲಿ ಸೇರಿಸಿ, ಮನೆಗೆ ಮರಳುವ ಮೊದಲೇ ಉಪಾಧ್ಯಾಯಿನಿಗೆ ಕಳುಹಿಸಬಲ್ಲಳು. ಕೆಲಸವು ಹಗುರವಾಯಿತು, ಆದರೆ ಹಲವರು ಹಂಚಿಕೊಂಡಿದ್ದ ಹೊಣೆಯು ಒಬ್ಬಳ ಮೇಲೆಯೇ ಬಿದ್ದಿತು. ಆದುದರಿಂದ ಈ ಕೆಲಸದ ಕ್ರಮವನ್ನೂ ಅದರಲ್ಲಿ ವಹಿಸತಕ್ಕ ಎಚ್ಚರವನ್ನೂ ಇಲ್ಲಿ ವಿವರಿಸುವೆವು.

ಗೂಗಲ್ ಡಾಕ್ಸ್‌ನಲ್ಲಿ ಚಿತ್ರವು ಬರಬೇಕಾದ ಸ್ಥಳವನ್ನು ಬೆರಳಿನಿಂದ ಮುಟ್ಟಿ, ಮೇಲ್ಗಡೆ ಇರುವ ಕೂಡುವ ಗುರುತನ್ನು ಒತ್ತಿ, 'ಇಮೇಜ್' ಎಂಬುದನ್ನು ಆರಿಸಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 'ಇನ್ಸರ್ಟ್' ಎಂಬಲ್ಲಿ 'ಪಿಕ್ಚರ್ಸ್' ಎಂಬುದುಂಟು. ಎರಡರಲ್ಲಿಯೂ ಮೊದಲೇ ತೆಗೆದಿಟ್ಟ ಚಿತ್ರವನ್ನಾಗಲಿ, ಆಗಲೇ ಕ್ಯಾಮೆರಾದಿಂದ ತೆಗೆದುದನ್ನಾಗಲಿ ಹಾಕಬಹುದು. ಚಿತ್ರವನ್ನು ಮುಟ್ಟಿದೊಡನೆ ಅದರ ಅಂಚಿನಲ್ಲಿ ಸಣ್ಣ ಬಿಂದುಗಳು ತೋರುವುವು. ಅಳತೆಯನ್ನು ಬದಲಿಸಲು ಮೂಲೆಯ ಬಿಂದುವನ್ನೇ ಎಳೆಯತಕ್ಕದ್ದು. ಪಕ್ಕದ ಬಿಂದುವನ್ನು ಎಳೆದರೆ ನಂಜನಗೂಡಿನ ಎತ್ತರವಾದ ಗೋಪುರವೂ ಕುಳ್ಳಾಗಿ ಹರಡಿಕೊಳ್ಳುವುದು. ಚಿತ್ರವನ್ನು 'ಇನ್ ಲೈನ್' ಎಂಬ ಕ್ರಮದಲ್ಲಿಟ್ಟರೆ ಅದು ಒಂದು ಅಕ್ಷರದಂತೆ ಸಾಲಿನಲ್ಲಿ ನಿಂತು, ಮೇಲಿನ ಬರಹವು ಬೆಳೆದಂತೆ ತಾನೂ ಕೆಳಗೆ ಸರಿಯುವುದು. ಹೊಸದಾಗಿ ಕಲಿಯುವವರಿಗೆ ಇದೇ ಮೇಲು.

ಇನ್ನು ಕತ್ತರಿಸುವ ವಿಷಯ. ಕಾವೇರಿ ಕಪಿಲೆಯರ ಸಂಗಮದ ಚಿತ್ರವನ್ನು ತೆಗೆದಾಗ ಸ್ನಾನಕ್ಕೆ ಬಂದ ಅಪರಿಚಿತ ಸ್ತ್ರೀಯರು ಅದರ ಅಂಚಿನಲ್ಲಿ ಸಿಕ್ಕಿಕೊಂಡರೆನ್ನಿರಿ. ವರ್ಡ್‌ನ 'ಕ್ರಾಪ್' ಎಂಬುದರಿಂದ ಆ ಅಂಚನ್ನು ತೆಗೆದರೆ ಅದು ಕಣ್ಣಿಗೆ ಮರೆಯಾಗುವುದೇ ಹೊರತು ಸಾಮಾನ್ಯವಾಗಿ ಕಡತದಿಂದ ಅಳಿಯುವುದಿಲ್ಲ. ಕಡತವನ್ನು ಪಡೆದವರು ಅದನ್ನು ಮರಳಿ ಬಿಡಿಸಿ ನೋಡಬಲ್ಲರು. ಆದುದರಿಂದ ಮೊದಲು ಗ್ಯಾಲರಿಯಲ್ಲಿಯೇ ಕತ್ತರಿಸಿ, ಬೇರೆ ಪ್ರತಿಯಾಗಿ ಉಳಿಸಿ, ಆ ಪ್ರತಿಯನ್ನೇ ಬರಹಕ್ಕೆ ಸೇರಿಸತಕ್ಕದ್ದು. ಗೂಗಲ್ ಪಿಕ್ಸೆಲ್ ಮೊಬೈಲುಗಳಲ್ಲಿ ಚಿತ್ರ ತಿದ್ದುವ ಸಾಧನದಿಂದ ಕತ್ತರಿಸಿದ ಭಾಗವನ್ನೂ ಮರಳಿ ಪಡೆಯಬಹುದಾದ ದೋಷವೊಂದು 2023ರಲ್ಲಿ ಬಯಲಾಗಿ, ಬಳಿಕ ಸರಿಪಡಿಸಲ್ಪಟ್ಟಿತು. ಆದಕಾರಣ ಪರರ ಮಾನಕ್ಕೆ ಸಂಬಂಧಪಟ್ಟಲ್ಲಿ ಅವರು ಸೇರದಂತೆ ಬೇರೊಂದು ಚಿತ್ರವನ್ನು ತೆಗೆಯುವುದೇ ಎಲ್ಲಕ್ಕಿಂತ ಉತ್ತಮ.

ತಿದ್ದುವುದಕ್ಕೂ ಒಂದು ಮಿತಿಯುಂಟು. ಮಬ್ಬಾದ ಚಿತ್ರಕ್ಕೆ ಬೆಳಕನ್ನು ಹೆಚ್ಚಿಸುವುದು, ಓರೆಯಾದುದನ್ನು ನೆಟ್ಟಗೆ ಮಾಡುವುದು ತಪ್ಪಲ್ಲ. ಆದರೆ ಬೇಡವಾದ ವಸ್ತುವನ್ನು ಗುರುತೇ ಇಲ್ಲದಂತೆ ಅಳಿಸುವ ಸಾಧನವೂ ಈಗ ಮೊಬೈಲಿನಲ್ಲಿದೆ. ನಂಜನಗೂಡಿನ ಬಳಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯ ಕಲ್ಲುಗಳ ಸಂದಿನಲ್ಲಿ ಗಿಡವು ಬೇರುಬಿಟ್ಟಿದ್ದು, ಅದನ್ನು ಚಿತ್ರದಲ್ಲಿ ಅಳಿಸಿದರೆ, ಚಿತ್ರವೇನೋ ಅಂದವಾದೀತು. ಸೇತುವೆಯ ಸ್ಥಿತಿಯನ್ನು ತಿಳಿಸುವ ಸಾಕ್ಷ್ಯವು ಕೆಟ್ಟೀತು.

ಚಿತ್ರದ ಕೆಳಗೆ ಸ್ಥಳ, ದಿನ, ತೆಗೆದವರ ಹೆಸರು ಇವಿಷ್ಟನ್ನು ಬರೆಯದೆ ಬಿಡಕೂಡದು. ನಮ್ಮ ಈ ಎರಡು ತಾಲ್ಲೂಕುಗಳ ಶಾಸನಗಳು 1894ರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಅಚ್ಚಾದಾಗ, ಒಂದೊಂದಕ್ಕೂ ಸಂಖ್ಯೆಯೂ ಊರಿನ ಹೆಸರೂ ಕೊಡಲ್ಪಟ್ಟುವು. ಆ ಕಾರಣದಿಂದಲೇ ಇಂದಿಗೂ ಅವುಗಳನ್ನು ಹುಡುಕಿ ಹೋಗಬಹುದು. ವರ್ಡ್‌ನಲ್ಲಿ 'ಆಲ್ಟ್ ಟೆಕ್ಸ್ಟ್' ಎಂಬಲ್ಲಿ ಚಿತ್ರದ ವಿವರಣೆಯನ್ನೂ ಬರೆದರೆ, ಕಣ್ಣು ಕಾಣದವರಿಗೆ ಅವರ ಯಂತ್ರವು ಅದನ್ನು ಓದಿ ಹೇಳುವುದು.

ಚಿತ್ರವು ಪ್ರಬಂಧಕ್ಕೆ ಅಲಂಕಾರ ಮಾತ್ರವಲ್ಲ. ಬರೆದವಳು ಕಂಡುದಕ್ಕೆ ಸಾಕ್ಷಿ. ನಮ್ಮ ವಿದ್ಯಾರ್ಥಿನಿಯರು ಅದನ್ನು ಸಾಕ್ಷಿಯಂತೆಯೇ ಕಾಪಾಡತಕ್ಕದ್ದು.