ಹವಾಯಿಯ ಕೆಂಪು ಸೀಗಡಿ: ಅತಿ ಆರೈಕೆಯೂ ಅಪಾಯ, ಅನಾದರವೂ ಅಪಾಯ

ಹವಾಯಿ ದ್ವೀಪಗಳ ಲಾವಾ ಶಿಲೆಯ ಹೊಂಡಗಳಲ್ಲಿ ವಾಸಿಸುವ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಕೆಂಪು ಸೀಗಡಿಯೊಂದು ಇಂದು ಹಲವು ದೇಶಗಳಲ್ಲಿ ಮನೆಯ ಅಕ್ವೇರಿಯಂ ಸೇರಿದೆ. ಅಲ್ಲಿನ ಮೂಲನಿವಾಸಿಗಳು ಇದನ್ನು ‘ಓಪೈ ಉಲ’ ಎಂದು ಕರೆಯುತ್ತಾರೆ. ಓಪೈ ಎಂದರೆ ಸೀಗಡಿ, ಉಲ ಎಂದರೆ ಕೆಂಪು. ಇದರ ವೈಜ್ಞಾನಿಕ ನಾಮ ಹ್ಯಾಲೋಕ್ಯಾರಿಡಿನಾ ರುಬ್ರಾ. 1963ರಲ್ಲಿ ಡಚ್ ಪ್ರಾಣಿಶಾಸ್ತ್ರಜ್ಞ ಹೋಲ್ತೌಸ್ ಇದಕ್ಕೆ ಈ ಹೆಸರಿಟ್ಟರು. ಹವಾಯಿಯ ಬೆಸ್ತರಿಗೆ ಮಾತ್ರ ಇದು ಅದಕ್ಕೂ ಬಹಳ ಹಿಂದಿನಿಂದ ಪರಿಚಿತ. ‘ಓಪೇಲು’ ಎಂಬ ಮೀನನ್ನು ಸೆಳೆಯಲು ಅವರು ಇದನ್ನು ಬಳಸುತ್ತಿದ್ದರು.

ಈ ಹೊಂಡಗಳಿಗೆ ಸಮುದ್ರದೊಂದಿಗೆ ನೇರ ಸಂಪರ್ಕವಿಲ್ಲ. ಶಿಲೆಯ ಬಿರುಕುಗಳ ಮೂಲಕ ಸಮುದ್ರದ ನೀರು ಒಳಬರುತ್ತದೆ, ಭೂಮಿಯೊಳಗಿನ ಸಿಹಿನೀರು ಅದರೊಡನೆ ಬೆರೆಯುತ್ತದೆ. ಹೀಗಾಗಿ ನೀರು ಅಳಿವೆಯ ನೀರಿನಂತೆ ಸವಳಾಗಿರುತ್ತದೆ. ಭರತ ಇಳಿತಗಳಿಗೆ ತಕ್ಕಂತೆ ಮಟ್ಟವೂ ಉಪ್ಪಿನಂಶವೂ ಬದಲಾಗುತ್ತವೆ. ಇಂತಹ ಏರುಪೇರಿಗೆ ಒಗ್ಗಿಕೊಂಡಿರುವುದರಿಂದಲೇ ಈ ಸೀಗಡಿ ನೋಡಲು ನಾಜೂಕಾಗಿದ್ದರೂ ಗಟ್ಟಿ ಜೀವ. ಅನುಕೂಲಕರ ಪರಿಸರದಲ್ಲಿ ಹತ್ತು ವರ್ಷಗಳಿಗೂ ಮಿಗಿಲಾಗಿ ಬದುಕಬಲ್ಲದು.

ನೀರಿನ ಸಿದ್ಧತೆ

ಹತ್ತು ಲೀಟರಿನ ಗಾಜಿನ ತೊಟ್ಟಿ ಒಂದು ಸಣ್ಣ ಗುಂಪಿಗೆ ಸಾಕು. ನೀರಿನ ಉಪ್ಪಿನಂಶ ಸಮುದ್ರದ ಅರ್ಧದಷ್ಟಿರಬೇಕು. ಎಂದರೆ ಲೀಟರಿಗೆ 15ರಿಂದ 18 ಗ್ರಾಂ. ಹೈಡ್ರೋಮೀಟರಿನಲ್ಲಿ ಇದು 1.010ರಿಂದ 1.013ರ ಆಸುಪಾಸಿನಲ್ಲಿ ಕಾಣುತ್ತದೆ. ಅಡುಗೆ ಉಪ್ಪು ಇದಕ್ಕೆ ಸಲ್ಲದು. ಅದರಲ್ಲಿ ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳು ತಕ್ಕ ಪ್ರಮಾಣದಲ್ಲಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಮುದ್ರ ಲವಣದ ಮಿಶ್ರಣವನ್ನೇ ಬಳಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆದಿರಬೇಕು. ತಾಮ್ರದ ಅಂಶವಿರುವ ಮೀನಿನ ಔಷಧಗಳು ಸೀಗಡಿಗೆ ವಿಷ.

ತಳದಲ್ಲಿ ಲಾವಾ ಕಲ್ಲು, ಮರಳು ಹಾಕಿ ಮೂರು ನಾಲ್ಕು ವಾರ ಹಾಗೆಯೇ ಬಿಡಬೇಕು. ಅಷ್ಟರಲ್ಲಿ ಕಲ್ಲಿನ ಮೇಲೆ ಪಾಚಿಯೂ ಬ್ಯಾಕ್ಟೀರಿಯಾಗಳ ಪದರವೂ ಬೆಳೆಯುತ್ತವೆ. ಸೀಗಡಿಗೆ ಆಹಾರ ಒದಗಿಸುವುದೂ ನೀರಿನ ಅಮೋನಿಯಾವನ್ನು ನಿವಾರಿಸುವುದೂ ಇವೇ. ಸೀಗಡಿಗಳನ್ನು ತಂದೊಡನೆ ತೊಟ್ಟಿಗೆ ಸುರಿಯಬಾರದು. ಅವು ಬಂದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಬೆರೆಸಿ ಒಗ್ಗಿಸಬೇಕು.

ಹೆಚ್ಚಿನವರು ಎಡವುವುದೆಲ್ಲಿ?

ಅನೇಕ ತೊಟ್ಟಿಗಳು ಹಾಳಾಗುವುದು ಅತಿಯಾದ ಉಪಚಾರದಿಂದ. ದಿನವೂ ಆಹಾರ ಹಾಕಿದರೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ಪಾಚಿ ಚೆನ್ನಾಗಿ ಬೆಳೆದ ತೊಟ್ಟಿಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಚಿಟಿಕೆಗಿಂತ ಕಡಿಮೆ ಸ್ಪಿರುಲಿನಾ ಪುಡಿ ಸಾಕು. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕಿರುವ ಜಾಗ ಒಳ್ಳೆಯದು.

ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪುನೀರು ಸುರಿಯುವುದು ಇನ್ನೊಂದು ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಶುದ್ಧ ಸಿಹಿನೀರನ್ನಷ್ಟೇ ತುಂಬಬೇಕು. ಕಲ್ಲಿನ ಮೇಲೆ ಬಿದ್ದ ಪಾರದರ್ಶಕ ‘ಶವ’ ಕಂಡು ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಅದು ಸೀಗಡಿ ಬೆಳೆಯುವಾಗ ಕಳಚಿದ ಹಳೆಯ ಹೊರಕವಚ.

ಹೆಣ್ಣು ಸೀಗಡಿ ಕೆಲವೇ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ಒಂದು ತಿಂಗಳಿಗೂ ಹೆಚ್ಚು ಕಾಲ ಕಾಪಾಡುತ್ತದೆ. ಹೊರಬಂದ ಮರಿಗಳು ಮೊದಮೊದಲು ಮೊಟ್ಟೆಯಿಂದ ಬಂದ ಪೋಷಣೆಯಲ್ಲೇ ಬದುಕುತ್ತವೆ. ನೀರನ್ನು ರಭಸದಿಂದ ಸೆಳೆಯುವ ಫಿಲ್ಟರ್ ಇದ್ದರೆ ಅವು ಅದಕ್ಕೆ ಬಲಿಯಾಗುತ್ತವೆ. ತೊಟ್ಟಿಯಲ್ಲಿ ಮೀನು ಇರಲೇಬಾರದು. ಹವಾಯಿಯ ಹೊಂಡಗಳಿಗೂ ಇದೇ ಗತಿ ಬಂದಿದೆ: ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ, ಗಪ್ಪಿ ಮೀನುಗಳಿರುವ ಕಡೆ ಸೀಗಡಿಗಳು ಹಗಲಿನಲ್ಲಿ ಬಿರುಕುಗಳೊಳಗೆ ಅಡಗುತ್ತವೆ. ಕರಾವಳಿಯ ಕಟ್ಟಡ ನಿರ್ಮಾಣಕ್ಕೆ ಅನೇಕ ಹೊಂಡಗಳು ಮುಚ್ಚಿಯೂ ಹೋಗಿವೆ.

ಮುಚ್ಚಿದ ಗೋಲದ ಪ್ರಶ್ನೆ

ಇದೇ ಸೀಗಡಿಯನ್ನು ಸಂಪೂರ್ಣ ಮುಚ್ಚಿದ ಗಾಜಿನ ಗೋಲದಲ್ಲಿಟ್ಟು ಅಲಂಕಾರದ ವಸ್ತುವಾಗಿ ಮಾರುವುದೂ ಉಂಟು. ಅಲ್ಲಿ ಆಹಾರ ಕೊಡಲಾಗದು, ಕೆಟ್ಟ ನೀರನ್ನು ಸರಿಪಡಿಸಲಾಗದು. ಅರೆಹೊಟ್ಟೆಯಲ್ಲೂ ಬಹುಕಾಲ ಉಸಿರು ಹಿಡಿಯಬಲ್ಲ ಜೀವಿಯಾದ್ದರಿಂದ ಅದರ ಸಂಕಟ ಹೊರಗೆ ಕಾಣುವುದಿಲ್ಲ. ಬದುಕಿರುವುದು ಬೇರೆ, ಬಾಳುವುದು ಬೇರೆ. ತೆರೆದ ತೊಟ್ಟಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಮೇಯುತ್ತ, ಮರಿ ಮಾಡುತ್ತ ಇರುವ ಸೀಗಡಿಯನ್ನು ಕಂಡವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಸಾಕಲು ಇಚ್ಛಿಸುವವರು ಹೊಂಡಗಳಿಂದ ಹಿಡಿದವುಗಳ ಬದಲು ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಸೀಗಡಿಗಳನ್ನೇ ಕೇಳಿ ಪಡೆಯುವುದು ಒಳಿತು. ಬೇಡವೆನಿಸಿದಾಗ ಅವನ್ನು ಕೆರೆಗೋ ಅಳಿವೆಗೋ ಬಿಡದೆ ಮತ್ತೊಬ್ಬ ಹವ್ಯಾಸಿಗೆ ಒಪ್ಪಿಸಬೇಕು. ಪರನಾಡಿನ ಜೀವಿಗಳನ್ನು ಕಂಡ ನೀರಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹವಾಯಿಯ ಹೊಂಡಗಳೇ ಸಾಕ್ಷಿ.